ಕಿಂಡಿಯಿಲ್ಲದ ಗೋಡೆ

ಅಲ್ಲಾಳಸಂದ್ರದ ನಮ್ಮ ಮನೆಯ ಹಿತ್ತಲು ಇಳಿಜಾರು. ಅದರ ಕೆಳತುದಿಯಲ್ಲಿ ಆಳೆತ್ತರದ ಕಲ್ಲುಗೋಡೆ, ಗೋಡೆಯಾಚೆ ಕೆರೆಗೆ ಹೋಗುವ ದಾರಿ. ಮಣ್ಣು ಜಾರದಿರಲೆಂದು ಆ ಗೋಡೆ ಕಟ್ಟಿದ್ದಾರೆ ಎಂದು ನೋಡಿದವರೆಲ್ಲ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಿಜವಾಗಿ ಅದನ್ನು ಕಟ್ಟಿದ್ದು ನನಗೆ ಮಕ್ಕಳಾಗಲಿ ಎಂದು. ಕಲ್ಲು ಗಾರೆಗಳಿಂದ ಸಂತಾನ ಪಡೆಯುವ ಈ ವಿಧಾನ ಬೇರೆ ಕಡೆ ಎಷ್ಟು ಫಲ ಕೊಟ್ಟಿದೆಯೋ ಕಾಣೆ. ನಮ್ಮ ಮನೆಯಲ್ಲಿ ಕೊಟ್ಟ ಫಲವನ್ನು ಮಾತ್ರ ಬರೆಯಬಲ್ಲೆ.

ನಾನು ಸೋಲದೇವನಹಳ್ಳಿಯ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಆಗ ಗೋಡೆ ಇರಲಿಲ್ಲ. ಹಿತ್ತಲ ಬಾಗಿಲು ತೆರೆದರೆ ನೆಲ ತನ್ನ ಪಾಡಿಗೆ ತಾನು ಕೆರೆಯ ಕಡೆಗೆ ಇಳಿದುಕೊಂಡು ಹೋಗುತ್ತಿತ್ತು. ಆ ಇಳಿಜಾರಿನ ಕೊನೆಯಲ್ಲಿ ಒಂದು ಬಾವಿ. ಕೆರೆ ಹತ್ತಿರವಿದ್ದುದರಿಂದ ಅದರಲ್ಲಿ ನೀರು ಸದಾ ಮೇಲೆಯೇ ಇರುತ್ತಿತ್ತು. ಮಳೆಗಾಲದಲ್ಲಂತೂ ಹಗ್ಗವೇ ಬೇಡ, ಬಗ್ಗಿ ಬಿಂದಿಗೆ ಮುಳುಗಿಸಿದರೆ ಸಾಕು. ಬಾವಿಯ ಸುತ್ತ ನಾನು ಕನಕಾಂಬರ, ಸ್ವಲ್ಪ ದಂಟಿನ ಸೊಪ್ಪು ಹಾಕಿದ್ದೆ. ಆ ಮನೆಯಲ್ಲಿ ನಾನು ಯಾರನ್ನೂ ಕೇಳದೆ ಹೋಗಿ ನಿಲ್ಲಬಹುದಾದ ಜಾಗ ಅದೊಂದೇ. ಅಡಿಗೆಮನೆ ಅತ್ತೆಯದು, ಜಗಲಿ ಮಾವನದು, ನಡುಮನೆ ದೇವರದು. ನಮ್ಮ ಯಜಮಾನರಿಗೆ ಒಂದು ಸೈಕಲ್ಲು ಇತ್ತು, ಅವರು ಅದರ ಮೇಲೆ ಯಶವಂತಪುರದ ಮಂಡಿಗೆ ಗುಮಾಸ್ತೆ ಕೆಲಸಕ್ಕೆ ಹೋಗುತ್ತಿದ್ದರು. ಬಾವಿ ನನ್ನದಾಗಿತ್ತು.

ಮಾವನೆದುರು ಸೊಸೆ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಏನಾದರೂ ಹೇಳಬೇಕಾದರೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತೆಗೆ ಹೇಳಬೇಕು. ಅವರು ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತೆಗೇ ಉತ್ತರ ಕೊಡುತ್ತಿದ್ದರು. ಅತ್ತೆ ಮಧ್ಯದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸರ್ಕಾರದ ಅಂಚೆಯಲ್ಲೂ ಕಾಗದ ಇಷ್ಟು ಬೇಗ ಹೋಗಿ ಬರುತ್ತಿರಲಿಲ್ಲ.

ವರ್ಷಗಳು ಕಳೆದವು, ಮಕ್ಕಳಾಗಲಿಲ್ಲ. ಹರಕೆಗಳೆಲ್ಲ ಮುಗಿದ ಮೇಲೆ ಅತ್ತೆ ನನ್ನನ್ನು ಬಸ್ಸಿನಲ್ಲಿ ಬೆಂಗಳೂರಿನ ದಂಡು ಪ್ರದೇಶದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಲೇಡಿ ಡಾಕ್ಟರು ನನ್ನನ್ನು ಚೆನ್ನಾಗಿ ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, "ನಿಮ್ಮಲ್ಲಿ ಏನೂ ತೊಂದ್ರೆ ಇಲ್ಲಮ್ಮ. ಮುಂದಿನ ಸಲ ಯಜಮಾನ್ರನ್ನ ಕರ್ಕೊಂಡ್ ಬನ್ನಿ, ಅವರನ್ನೂ ನೋಡ್ಬೇಕು," ಎಂದರು.

ಬಸ್ಸು ಹೆಬ್ಬಾಳ ದಾಟಿತು. ಅತ್ತೆ ಅಂದರು: "ಆ ಡಾಕ್ಟ್ರಮ್ಮಂಗೇ ಇನ್ನೂ ಮದ್ವೆ ಆಗಿಲ್ವಂತೆ. ಅವ್ಳಿಗೇನ್ ಗೊತ್ತಾಯ್ತದೆ ಸಂಸಾರದ ವಿಸ್ಯ?"

ಆ ರಾತ್ರಿ ಊಟಕ್ಕೆ ಬಡಿಸುತ್ತಾ ನಾನು ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಸಾರಿನ ಬಟ್ಟಲನ್ನು ನೋಡಿ, "ಉಪ್ಪು ಕಮ್ಮಿ," ಎಂದರು. ಉಪ್ಪು ಸರಿಯಾಗಿಯೇ ಇತ್ತು.

ಹೀಗೆ ನನ್ನಲ್ಲಿ ದೋಷವಿಲ್ಲವೆಂದು ಗೊತ್ತಾಯಿತು. ಮಗನಲ್ಲಿ ಹುಡುಕುವುದು ಮರ್ಯಾದಸ್ಥರ ಕೆಲಸವಲ್ಲ. ಉಳಿದದ್ದು ನೆಲ. ಮಾವ ದೊಡ್ಡಬಳ್ಳಾಪುರದ ಕಡೆಯಿಂದ ಮನೆಯ ಆಯ, ವಾಸ್ತು ನೋಡುವವರೊಬ್ಬರನ್ನು ಕರೆಸಿದರು. ಅವರು ಕೋಟು ತೊಟ್ಟು, ಕೊಡೆ ಮಡಚಿ ಹಿಡಿದು, ನಮ್ಮ ಹಿತ್ತಲನ್ನು ಮೂಲೆಯಿಂದ ಮೂಲೆಗೆ ಅಳೆದರು. ಬಾವಿಯ ಹತ್ತಿರ ಬಂದಾಗ ಹಾವು ಕಂಡವರಂತೆ ಹಿಂದೆ ಸರಿದರು.

"ಗೌಡ್ರೇ, ನೆಲ ಎಲ್ಲಾ ನೈಋತ್ಯಕ್ಕೆ ಇಳಿದಿದೆ. ಬಾವಿನೂ ನೈಋತ್ಯದಲ್ಲೇ ಇದೆ. ಇನ್ನೇನ್ ಬೇಕು? ಸಂತಾನ ಬಂದದ್ದು ಬಂದಂಗೇ ಹರಿದು ಹೋಗ್ತಾ ಇದೆ."

ಬಂದದ್ದೇ ಇಲ್ಲವಲ್ಲ ಎಂದು ನಾನು ಬಾಗಿಲ ಹಿಂದೆ ನಿಂತು ಯೋಚಿಸಿದೆ.

ಪರಿಹಾರ ಹೀಗೆ ಹೇಳಿದರು: ಕೆಳಗಡೆ ಗೋಡೆ ಎತ್ತಿಸಿ, ಒಳಗೆ ಮಣ್ಣು ತುಂಬಿಸಿ, ನೈಋತ್ಯ ಮೂಲೆಯನ್ನು ಉಳಿದ ಮೂರು ಮೂಲೆಗಳಿಗಿಂತ ಎತ್ತರ ಮಾಡಬೇಕು. ಬಾವಿ ಕಣ್ಣಿಗೆ ಕಾಣಬಾರದು. ಗೋಡೆಯಲ್ಲಿ ಸೂಜಿ ತೂರುವಷ್ಟು ಕಿಂಡಿಯೂ ಇರಕೂಡದು. ಬೆಟ್ಟಗುಡ್ಡ, ಕೆರೆ, ಮಳೆ ಎಲ್ಲವೂ ಒಂದು ದಿಕ್ಕಿಗೆ ಇಳಿಯುತ್ತಿದ್ದರೆ ನಮ್ಮ ಹಿತ್ತಲು ಮಾತ್ರ ಎದುರು ದಿಕ್ಕಿಗೆ ಇಳಿಯಬೇಕೆಂಬುದು ಇದರ ಸಾರಾಂಶ.

ಅವರು ಹೋದ ಮೇಲೆ ಮಾವ ಜಗಲಿಯಿಂದ ಅತ್ತೆಗೆ, ಎಂದರೆ ನನಗೆ, ಹೇಳಿದರು: "ಗೋಡೆ ಎತ್ತಿ ಎಲ್ಡು ಮಳೆಗಾಲ ನೋಡಾನ. ಆಮೇಕೂ ಇಂಗೇ ಇದ್ರೆ ಮುಂದಿನ್ ಯೋಚ್ನೆ ಮಾಡಾನ."

ಮುಂದಿನ ಯೋಚನೆ ಎಂದರೇನು ಎಂದು ಮನೆಯ ಎಮ್ಮೆಗೂ ಗೊತ್ತಿತ್ತು. ಮಗನಿಗೆ ಇನ್ನೊಂದು ಮದುವೆ.

ಮೇಸ್ತ್ರಿ ಬಂದ. ದಪ್ಪಗೆ, ಯಾವಾಗಲೂ ಎಲೆಅಡಿಕೆ ಹಾಕಿಕೊಂಡಿರುತ್ತಿದ್ದ ಮನುಷ್ಯ. ಜಗತ್ತಿನಲ್ಲಿ ಯಾರ ಮಾತಿಗೂ ಇಲ್ಲವೆನ್ನಬಾರದೆಂದು ಪಣ ತೊಟ್ಟವನು. ಗುದ್ದಲಿ ಪೂಜೆಯಾಗಿ, ಬುನಾದಿ ತೋಡಿ, ದಪ್ಪ ಕಲ್ಲುಗಳನ್ನು ಇಳಿಸಿದ ಮೇಲೆ ಅವನು ಮಾವನನ್ನು ಕೇಳಿದ:

"ಗೌಡ್ರೇ, ತಳದಾಗೆ ನೀರೋಗಾಕೆ ಅಲ್ಲಲ್ಲಿ ಕಿಂಡಿ ಬಿಡ್ಲಾ?"

"ಬ್ಯಾಡ."

"ಬ್ಯಾಡ ಅಂದ್ರೆ ಬ್ಯಾಡ. ಕಿಂಡಿ ಬಿಟ್ರೆ ಗೋಡೆ ಚೆಂದಾಗೂ ಕಾಣಲ್ಲ ಬಿಡಿ."

ನಮ್ಮ ಮಾವ ದಡ್ಡರಲ್ಲ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅವರ ಹೊಲದ ಬದುಗಳನ್ನು ನೋಡಲು ಪಕ್ಕದ ಊರಿನವರು ಬರುತ್ತಿದ್ದರು. ಪ್ರತಿ ಬದುವಿನಲ್ಲೂ ಹೆಚ್ಚಾದ ನೀರು ಹೋಗಲು ಅವರು ಕೋಡಿ ಬಿಟ್ಟು, ಅದಕ್ಕೆ ಕಲ್ಲು ಜೋಡಿಸಿರುತ್ತಿದ್ದರು. ಕೋಡಿ ಬಿಡದೆ ಬದು ಹಾಕಿದ ಆಳನ್ನು ಹೊಲದಲ್ಲೇ ನಿಲ್ಲಿಸಿ ಬೈದದ್ದನ್ನು ನಾನೇ ಕೇಳಿದ್ದೇನೆ: "ನೀರ್ನ ಕಟ್ಟಾಕ್ತೀಯೇನೋ? ಅದೇನ್ ನಿಮ್ಮಪ್ಪನ್ ಮನೆ ಎತ್ತಾ?" ಆದ್ದರಿಂದ ನಾನು ಧೈರ್ಯ ಮಾಡಿ ಅತ್ತೆಗೆ ಗಟ್ಟಿಯಾಗಿ ಹೇಳಿದೆ.

"ಅತ್ತೆ, ಹೊಲದ ಬದುಗಳಿಗೆಲ್ಲಾ ಕೋಡಿ ಬಿಡ್ತೀವಲ್ಲಾ. ಇದಕ್ಕೂ ಒಂದ್ ಬಿಟ್ರೆ ಆಗಲ್ವಾ?"

ಜಗಲಿಯಿಂದ ಉತ್ತರ ಬಂತು: "ಒಲಕ್ಕೂ ಮನೆಗೂ ಒಂದೇ ಸಾಸ್ತ್ರವಾ ಅಂತ ಕೇಳು ಅವ್ಳ್ನ. ಒಲ ಏನ್ ಮಕ್ಳ್ ಎರ್ತದಾ?"

ಅತ್ತೆ ಅದನ್ನು ನನಗೆ ಮತ್ತೆ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

ಬಾವಿ ಮುಚ್ಚುವುದು ಮಹಾಪಾಪವೆಂದು ಆಯ ನೋಡಿದವರೇ ಹೇಳಿದ್ದರು. ಆದರೆ ಅದು ಕಾಣಲೂಬಾರದು. ಆದ್ದರಿಂದ ಬಾವಿಗೆ ಮಣ್ಣು ತುಂಬದೆ, ಬಾಯಿಗೆ ಕಲ್ಲುಚಪ್ಪಡಿಗಳನ್ನು ಹೊದಿಸಿ ಅದರ ಮೇಲೆ ಮಣ್ಣು ಹಾಕುವುದೆಂದು ತೀರ್ಮಾನವಾಯಿತು. ಪಾಪವೂ ಬರಲಿಲ್ಲ, ಬಾವಿಯೂ ಉಳಿಯಲಿಲ್ಲ. ಗಂಗಮ್ಮನಿಗೆ ಕೊನೆಯ ಪೂಜೆಯನ್ನು ನನ್ನ ಕೈಯಲ್ಲೇ ಮಾಡಿಸಿದರು. ನಾನೇ ನೆಟ್ಟ ಕನಕಾಂಬರ ಕೊಯ್ದು ಹಾಕಿ, ಹಾಲು ಬಿಟ್ಟು, ಕೈಮುಗಿದೆ. ಚಪ್ಪಡಿ ಎಳೆದಾಗ ಒಳಗೆ ನೀರು ಸುಮ್ಮನೆ ಹೊಳೆಯುತ್ತಿತ್ತು. ಕನಕಾಂಬರದ ಗಿಡಗಳನ್ನು ಕಿತ್ತುಕೊಳ್ಳಲು ಯಾರೂ ಸಮಯ ಕೊಡಲಿಲ್ಲ. ಮಣ್ಣಿನ ಗಾಡಿಗಳು ಸಾಲಾಗಿ ನಿಂತಿದ್ದವು.

ಆ ಮಣ್ಣೂ ಎಂಥದ್ದು! ಕೆರೆಯ ಗೋಡುಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದ್ದರಿಂದ ಪುಕ್ಕಟೆ ಸಿಗುತ್ತಿತ್ತು. ಹೊಲಕ್ಕೆ ಹಾಕಿದರೆ ಬಂಗಾರ. ಗೋಡೆಯ ಹಿಂದೆ ತುಂಬಿದರೆ ಅದು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಬಾಯಿ ಬಿಡುತ್ತದೆ. ಇದೂ ಮಾವನಿಗೆ ಗೊತ್ತಿತ್ತು. ಆದರೆ ಶಾಸ್ತ್ರವನ್ನು ಪಾಲಿಸುವಾಗ ಗೊತ್ತಿರುವುದನ್ನೆಲ್ಲ ಜಗಲಿಯ ಆಚೆ ಚಪ್ಪಲಿಯ ಜೊತೆ ಬಿಡುವ ರೂಢಿ ನಮ್ಮ ಮನೆಯಲ್ಲಿತ್ತು.

ಗೋಡೆ ಎದ್ದಿತು. ಪ್ರತಿ ಶುಕ್ರವಾರ ಅದರ ಮೂಲೆಯಲ್ಲಿ ನಾನು ದೀಪ ಹಚ್ಚಬೇಕೆಂದು ಅಪ್ಪಣೆಯಾಯಿತು. ನೀರಿಗೆ ಊರ ಸೇದೋ ಬಾವಿಗೆ ಹೋಗಬೇಕಾಯಿತು. ಹೋಗುವಾಗ ಖಾಲಿ ಬಿಂದಿಗೆ, ಇಳಿಜಾರು. ಬರುವಾಗ ತುಂಬಿದ ಬಿಂದಿಗೆ, ಏರು. ಹೊಟ್ಟೆಯಲ್ಲಿ ಕೂಸು ನಿಲ್ಲಲೆಂದು ಕೈಗೊಂಡ ಚಿಕಿತ್ಸೆಯ ಅಂಗವಾಗಿ ನಾನು ದಿನವೂ ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ದಿಣ್ಣೆ ಹತ್ತಿದೆ.

ಮೊದಲ ಮಳೆಗಾಲದಲ್ಲೇ ಗೋಡೆ ನಡುವಿನಲ್ಲಿ ಮುಂದಕ್ಕೆ ಉಬ್ಬಿತು. ಮೇಲಿನಿಂದ ಇಳಿದ ಮಳೆ, ಕೆಳಗಿನಿಂದ ಏರಿದ ಬಾವಿಯ ನೀರು, ಎರಡೂ ಗೋಡುಮಣ್ಣಿನಲ್ಲಿ ಸೇರಿ ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲನ್ನು ನೂಕುತ್ತಿದ್ದವು. ಮೇಸ್ತ್ರಿ ಬಂದು, ದಾರಿಯಲ್ಲಿ ನಿಂತು, ತಲೆ ಓರೆ ಮಾಡಿ ನೋಡಿ ಹೇಳಿದ:

"ಒಟ್ಟೆ ಬಿಟ್ಟೈತೆ ಗೌಡ್ರೇ."

ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಇಷ್ಟು ಸಾಕಾಯಿತು. "ಸೊಸೆಗೆ ಬರ್ಲಿ ಅಂತ ಕಟ್ಸಿದ್ರು, ಗೋಡೆಗೇ ಬಂದೈತೆ ಕಣ್ರಮ್ಮೀ! ಯಾವಾಗಂತೆ ಎರಿಗೆ?"

"ದೀಪಾವಳಿ ಒತ್ಗೆ ಆಗ್ಬೌದು!"

ನಾನು ಬಟ್ಟೆ ಕುಕ್ಕುತ್ತಿದ್ದ ಕಲ್ಲಿನ ಮೇಲೇ ಕೂತು ನಕ್ಕೆ. ಮಾತು ಚೆನ್ನಾಗಿತ್ತು. ಬೇರೆಯವರ ಮನೆಯ ಗೋಡೆಯಾಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಗೋಡೆಗೆ ಬಾಣಂತಿಗೂ ಸಿಗದ ಆರೈಕೆ ಶುರುವಾಯಿತು. ಮುಂದೆ ಆಸರೆಗೆ ಕಲ್ಲಿನ ಕಂಬಗಳನ್ನು ಕಟ್ಟಿದರು. ಸಂದುಗಳಲ್ಲಿ ನೀರು ಜಿನುಗುತ್ತಿತ್ತು. ಅದೇ ಗೋಡೆಯ ಜೀವ ಉಳಿಸುತ್ತಿದ್ದದ್ದು. ಮೇಸ್ತ್ರಿ ಆ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿ, ಒಂದು ಹನಿಯೂ ಹೊರಬೀಳದಂತೆ ಮಾಡಿ, "ಈಗ ನೋಡಿ," ಎಂದ.

ನಾನು ಯಜಮಾನರನ್ನು ಮತ್ತೆ ಕೇಳಿದೆ. ಈ ಸಲ ಬೇಡಿಕೊಂಡೆ ಅಂದರೂ ತಪ್ಪಲ್ಲ. "ಇನ್ನೊಂದು ಮಳೆಗಾಲ ಅಷ್ಟೇ ಇರೋದು. ಡಾಕ್ಟ್ರಮ್ಮನ ಹತ್ರ ಒಂದ್ ಸಲ ಬನ್ನಿ. ಯಾರಿಗೂ ಹೇಳೋದ್ ಬೇಡ. ಮಂಡಿಗೆ ಹೋದಂಗೆ ಹೋಗಿ ಬಂದ್ಬಿಡಾಣ."

ಅವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತದೆ, "ಗೋಡೆ ಕೆಲ್ಸ ಮುಗೀಲಿ," ಎಂದರು.

ಗೋಡೆಯ ಕೆಲಸ ಮುಗಿಯುವಂಥದ್ದಲ್ಲ ಎಂದು ಆ ಹೊತ್ತಿಗೆ ಮೇಸ್ತ್ರಿಗೂ ಗೊತ್ತಾಗಿತ್ತು. ಅವನು ಯಲಹಂಕದಲ್ಲಿ ಸ್ವಂತ ಮನೆಗೆ ಬುನಾದಿ ಹಾಕಿಸಿದ್ದ. ಅದು ಇಳಿಜಾರಿನಲ್ಲಿ ಇರಲಿಲ್ಲವಂತೆ.

ಎರಡನೆಯ ಮಳೆಗಾಲ ಮುಗಿಯುತ್ತಾ ಬಂತು. ಹಿಂಗಾರು ಮಳೆ ಬಿಡದೆ ಹಿಡಿದ ಒಂದು ಮಧ್ಯಾಹ್ನ ಹಿತ್ತಲಲ್ಲಿ ಗಾಡಿ ಮಗುಚಿದಂಥ ಸದ್ದಾಯಿತು. ಹೋಗಿ ನೋಡಿದರೆ ಗೋಡೆಯ ನಡುಭಾಗ ಪೂರ್ತಿ ದಾರಿಗೆ ಬಿದ್ದಿತ್ತು. ಕಪ್ಪು ಮಣ್ಣು ಅದರ ಹಿಂದೆ ಕರುಳಿನ ಹಾಗೆ ಜಾರಿಕೊಂಡು ಬಂದಿತ್ತು. ಅತ್ತೆ ಎದೆಯ ಮೇಲೆ ಕೈಯಿಟ್ಟು ನಿಂತರು. ಮಾವ ಬಂದರು, ನೋಡಿದರು. ಮದುವೆಯಾಗಿ ಅಷ್ಟು ವರ್ಷದ ಮೇಲೆ ಮೊದಲ ಸಲ ಅತ್ತೆಯ ಮುಖಾಂತರವಲ್ಲದೆ ನೇರವಾಗಿ ನನ್ನನ್ನು ನೋಡಿ ಮಾತಾಡಿದರು.

"ಕಲ್ಲೂ ನಿಲ್ಲಾಕಿಲ್ವಲ್ಲಮ್ಮ ನಿನ್ ಕಾಲ್ಗುಣಕ್ಕೆ."

ಯಜಮಾನರು ಅಲ್ಲೇ ಕೊಡೆ ಹಿಡಿದು ನಿಂತಿದ್ದರು. ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

ಎರಡು ಮಳೆಗಾಲ ಆಗಿತ್ತು. ಮುಂದಿನ ಯೋಚನೆ ಆರಂಭವಾಯಿತು. ಹೆಂಡತಿ ಇರುವಾಗ ಇನ್ನೊಂದು ಮದುವೆ ಕೂಡದೆಂದು ಆ ಹೊತ್ತಿಗೆ ದಿಲ್ಲಿಯಲ್ಲಿ ಕಾನೂನಾಗಿತ್ತಂತೆ. ಅಷ್ಟು ದೂರದಿಂದ ಬರುವಾಗ ಅದು ದಾರಿಯಲ್ಲೇ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಬಿಟ್ಟಿರಬೇಕು, ಅಲ್ಲಾಳಸಂದ್ರಕ್ಕೆ ತಲುಪಲಿಲ್ಲ. ಹೊರಗಿನ ಹೆಣ್ಣಾದರೆ ಜಗಳವೆಂದು ನನ್ನ ಚಿಕ್ಕಪ್ಪನ ಮಗಳನ್ನೇ ಗೊತ್ತುಮಾಡಿದರು. ನಾನು ಎತ್ತಿ ಆಡಿಸಿದ ಕೂಸು. ಚಿಕ್ಕಪ್ಪ ನನ್ನನ್ನು ಕೇಳಲು ಬಂದು, ತಲೆ ತಗ್ಗಿಸಿ, "ನಿಂಗೂ ಒಬ್ರು ಜೊತೆ ಆಯ್ತಾರೆ ಕಣವ್ವ," ಎಂದರು.

ಇದೆಲ್ಲ ನಡೆಯುತ್ತಿದ್ದಾಗ ಒಂದು ವಿಚಿತ್ರವಾಯಿತು. ಗೋಡೆ ಬಿದ್ದ ರಭಸಕ್ಕೆ ಮಣ್ಣು ಜಾರಿ, ಬಾವಿಯ ಮೇಲಿನ ಚಪ್ಪಡಿಯೊಂದು ಓರೆಯಾಗಿ, ಬಿಂದಿಗೆ ಹೋಗುವಷ್ಟು ಜಾಗವಾಗಿತ್ತು. ಮಳೆ ನಿಂತ ಮೇಲೆ ಇಣುಕಿದೆ. ನೀರು ಕೈಗೆಟುಕುವಷ್ಟು ಮೇಲಿತ್ತು. ಹೊಸ ಹೆಣ್ಣಿಗೆ ಸೀರೆ ತರುವುದು, ಚಪ್ಪರಕ್ಕೆ ಗಳ ಕಡಿಸುವುದು ಎಂದು ಮನೆಯವರೆಲ್ಲ ಓಡಾಡುತ್ತಿದ್ದಾಗ ನಾನು ಮತ್ತೆ ನನ್ನ ಬಾವಿಯಿಂದ ನೀರು ಮೊಗೆದೆ. ನನ್ನ ಗಂಡನ ಮದುವೆಯ ಅಡಿಗೆಗೆ ಆ ನೀರೇ ಆಯಿತು. ಪಾಯಸ ಚೆನ್ನಾಗಿ ಬಂದಿತ್ತೆಂದು ಎಲ್ಲರೂ ಹೇಳಿದರು.

ಮದುವೆ ಮುಗಿದದ್ದೇ ಮೇಸ್ತ್ರಿ ಬಂದು ಚಪ್ಪಡಿಯನ್ನು ಸರಿಮಾಡಿ, ಮಣ್ಣು ತುಂಬಿ, ಗೋಡೆಯನ್ನು ಮೊದಲಿಗಿಂತ ದಪ್ಪವಾಗಿ ಎತ್ತಿದ. ಕಿಂಡಿಯ ಮಾತನ್ನು ಈ ಸಲ ಅವನೂ ಎತ್ತಲಿಲ್ಲ. ಶುಕ್ರವಾರದ ದೀಪ ತಂಗಿಗೆ ವರ್ಗವಾಯಿತು. ಊರ ಬಾವಿಗೆ ಇಬ್ಬರೂ ಹೋಗತೊಡಗಿದೆವು. ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ, ಜೊತೆಯಾಯಿತು.

ಅವಳು ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಮೊದಲ ವರ್ಷ ನನ್ನ ಮುಖ ನೋಡಿ ಮಾತಾಡಲು ಅಂಜುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನಾನು ಶ್ರದ್ಧೆಯಿಂದ ಪ್ರಯತ್ನಪಟ್ಟೆ. ಆದರೆ ಏರು ಹತ್ತುವಾಗ ಇಬ್ಬರಿಗೂ ಒಂದೇ ಕಡೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಒಂದೇ ಕಲ್ಲಿನ ಮೇಲೆ ಬಿಂದಿಗೆ ಇಳಿಸುತ್ತಿದ್ದೆವು. ಅಲ್ಲಿ ಕೂತು ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಅರವತ್ತರ ದಶಕ ಬಂತು. ತಂಗಿಗೂ ಮಕ್ಕಳಾಗಲಿಲ್ಲ.

ಆಗ ನಡೆದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಏನೂ ನಡೆಯಲಿಲ್ಲ. ಆಯ ನೋಡುವವರು ಬರಲಿಲ್ಲ. ಬಸ್ಸಿನಲ್ಲಿ ಆಸ್ಪತ್ರೆಗೆ ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಅತ್ತೆ ಅವರೆಕಾಯಿ ಬಿಡಿಸುತ್ತಾ ಬೇರೆ ಊರುಗಳ ಮಳೆಬೆಳೆ ಮಾತಾಡುತ್ತಿದ್ದರು. ಮಕ್ಕಳ ಮಾತು ಆ ಮನೆಯಿಂದ ಪೂರ್ತಿ ಎದ್ದುಹೋಯಿತು. ನನ್ನೊಬ್ಬಳಲ್ಲಿ ದೋಷವಿದ್ದಾಗ ಊರೆಲ್ಲ ಮಾತಾಡಿದ್ದರು. ದೋಷ ಇರುವ ಜಾಗ ಗೊತ್ತಾದ ಮೇಲೆ ಎಲ್ಲರೂ ಬಹಳ ಸೂಕ್ಷ್ಮ ಮನಸ್ಸಿನವರಾದರು. ನನ್ನ ಹತ್ತಿರ ಬಂದು, ಪಾಪ, ನಿನ್ನದೇನೂ ತಪ್ಪಿರಲಿಲ್ಲ ಎಂದು ಒಬ್ಬರಾದರೂ ಹೇಳಬಹುದಿತ್ತು. ಹೇಳಿದರೆ ಉಳಿದ ಮಾತನ್ನೂ ಹೇಳಬೇಕಾಗುತ್ತಿತ್ತಲ್ಲ.

ಮಾವ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಮಂಚವನ್ನು ಹಿತ್ತಲ ಬಾಗಿಲ ಹತ್ತಿರ ಹಾಕಿದ್ದೆವು. ಅವರು ಗೋಡೆಯನ್ನು ನೋಡುತ್ತಾ ಮಲಗಿರುತ್ತಿದ್ದರು. ಏನು ಯೋಚಿಸುತ್ತಿದ್ದರೋ ತಿಳಿಯದು. ಒಂದು ದಿನ ನಾನು ಗಂಜಿ ಕುಡಿಸುವಾಗ, "ಒಲದಾಗೆ ಕೋಡಿ ನೋಡ್ಕಳಕ್ಕೇಳು ಅವ್ನಿಗೆ, ಮಳೆ ಬರಂಗದೆ," ಎಂದರು. ಅದೇ ಅವರು ನನಗೆ ನೇರವಾಗಿ ಆಡಿದ ಎರಡನೆಯ ಮಾತು. ನಾನು ಆಗಲಿ ಎಂದೆ.

ಅವರ ವರ್ಷದ ತಿಥಿಯ ಮುಂಚಿನ ಮಳೆಗಾಲದಲ್ಲಿ ಗೋಡೆ ಮತ್ತೆ ಉಬ್ಬಿತು. ಯಜಮಾನರು ಅದನ್ನು ಬೆಳಿಗ್ಗೆ ನೋಡಿ, "ಮೇಸ್ತ್ರಿಗೆ ಹೇಳ್ ಕಳಿಸ್ಬೇಕು," ಎಂದು ಸೈಕಲ್ಲು ಹತ್ತಿ ಮಂಡಿಗೆ ಹೋದರು. ಅತ್ತೆ ಊಟ ಮಾಡಿ ಮಲಗಿದ್ದರು. ನಾನೂ ತಂಗಿಯೂ ದಾರಿಗೆ ಇಳಿದು, ಬಿಂದಿಗೆ ಹಿಡಿದು ಗೋಡೆಯ ಮುಂದೆ ನಿಂತೆವು.

"ಅಕ್ಕ, ಇದ್ರಾಗೆ ನೀರೋಗಾಕೆ ಯಾಕ್ ದಾರಿ ಬಿಟ್ಟಿಲ್ಲ?"

ಇಷ್ಟು ವರ್ಷವಾದರೂ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ದೀಪ ಹಚ್ಚು ಎಂದಿದ್ದರು, ಹಚ್ಚಿದ್ದಳು.

"ಕಿಂಡಿ ಬಿಟ್ರೆ ಮಕ್ಕಳು ಅದ್ರಲ್ಲಿ ಹರಿದು ಹೋಗ್ಬಿಡ್ತಾರಂತೆ ಕಣೇ."

ಅವಳು ಗೋಡೆಯನ್ನು ನೋಡಿದಳು, ಮೇಲೆ ಮನೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವ್ ಮಕ್ಳು?"

ನಾನು ಬಿಂದಿಗೆ ಕೆಳಗಿಟ್ಟು, ಕೊಟ್ಟಿಗೆಯಿಂದ ಹಾರೆ ತಂದೆ. ಅವಳು ಸೆರಗು ಸಿಕ್ಕಿಸಿಕೊಂಡಳು. ಗೋಡೆಯ ಬುಡದಲ್ಲಿ, ಹೊಟ್ಟೆ ಬಿಟ್ಟಿದ್ದ ಜಾಗದ ಕೆಳಗೆ ಅಂಗೈಯಗಲದ ಒಂದು ಕಲ್ಲು ನೋಡಿ, ಸುತ್ತಲಿನ ಸಿಮೆಂಟು ಉದುರಿಸಿದೆವು. ಒಬ್ಬರಾದ ಮೇಲೊಬ್ಬರು ಮೀಟಿದೆವು. ಕಲ್ಲು ಸಡಿಲವಾದದ್ದೇ ಒಳಗಿನ ನೀರೇ ಅದನ್ನು ಹೊರಕ್ಕೆ ನೂಕಿತು. ಕಪ್ಪು ರಾಡಿ ನಮ್ಮಿಬ್ಬರ ಸೀರೆಗೆ ರಾಚಿತು. ಕೆರೆಯ ಕಡೆಯಿಂದ ಬರುತ್ತಿದ್ದ ಹೆಂಗಸೊಬ್ಬಳು ಬಟ್ಟೆಯ ಗಂಟು ತಲೆಯ ಮೇಲೇ ಇಟ್ಟುಕೊಂಡು ನಿಂತು ನೋಡಿದಳು.

"ಏನ್ರಮ್ಮೀ ಅದು?"

"ಎರಿಗೆ ಆಯ್ತಾ ಐತೆ, ಓಗು," ಎಂದಳು ತಂಗಿ.

ಸಾಯಂಕಾಲದವರೆಗೆ ರಾಡಿ ಹರಿಯಿತು. ಮಾರನೆಯ ದಿನ ನೀರು ತೆಳುವಾಯಿತು, ವಾರ ಕಳೆಯುವಷ್ಟರಲ್ಲಿ ತಿಳಿಯಾಯಿತು. ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿದೆ. ಅದೇ ನನ್ನ ಬಾವಿಯ ನೀರು. ಮೇಸ್ತ್ರಿಗೆ ಹೇಳಿ ಕಳಿಸುವುದನ್ನು ಯಜಮಾನರು ಮರೆತರು. ಗೋಡೆ ಉಬ್ಬಿದ್ದಷ್ಟಕ್ಕೇ ನಿಂತಿತು, ಆಮೇಲೆ ಒಂದು ಬೆರಳಿನಷ್ಟೂ ಮುಂದೆ ಬಂದಿಲ್ಲ. ಕಿಂಡಿಗೆ ನಾವು ಅರ್ಧ ಸೀಳಿದ ಬಿದಿರಿನ ತುಂಡೊಂದನ್ನು ಸಿಕ್ಕಿಸಿದೆವು. ಅದರಡಿ ಬಿಂದಿಗೆ ಇಟ್ಟರೆ ತಾನಾಗಿ ತುಂಬುತ್ತದೆ. ಊರ ಬಾವಿಯ ಏರು ನಮಗೆ ತಪ್ಪಿತು. ಬಾವಿಯ ಸುತ್ತ ಇದ್ದ ಹೂವಿನ ಜಾಗ ಹೋದದ್ದು ಹೋಯಿತು. ಅದು ಆಳೆತ್ತರದ ಮಣ್ಣಿನಡಿ ಇದೆ. ನನ್ನ ವಯಸ್ಸೂ ಅಲ್ಲೇ ಎಲ್ಲೋ ಇರಬೇಕು.

ಮನೆಗೆ ಯಾರಾದರೂ ಬಂದರೆ ಯಜಮಾನರು ಈಗಲೂ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲೆ ಕೈಯಿಟ್ಟು, "ನಮ್ಮಪ್ಪ ಕಟ್ಸಿದ್ದು. ಒಂದ್ ಕಲ್ಲೂ ಅಲುಗಿಲ್ಲ ನೋಡಿ," ಎನ್ನುತ್ತಾರೆ. ನಾವಿಬ್ಬರೂ ಆ ಹೊತ್ತಿಗೆ ತುಂಬಿದ ಬಿಂದಿಗೆ ಹೊತ್ತು ಕೆಳಗಿನ ದಾರಿಯಿಂದ ಮೇಲೆ ಬರುತ್ತಿದ್ದರೆ, ಅವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ನೀರು ಎಲ್ಲಿಂದ ತರುತ್ತೀರಿ ಎಂದು ಇದುವರೆಗೆ ಕೇಳಿಲ್ಲ.